ಹುಸೇನಬಿಯ ಹಕ್ಕರಕಿ ತಾಟು

ಗದಗಿನಲ್ಲಿ ಗೊಬ್ಬರದಂಗಡಿಗಳಿಗೆ ಬರವೇ? ಆದರೂ ಒಂದು ಬಾಟಲಿ ಕೀಟನಾಶಕ ತರಲು ನಾನು ಬಸ್ ಹತ್ತಿ ಮುಂಡರಗಿಗೆ ಹೋದೆ. ಕಾರಣ ಇಷ್ಟೇ. ಗದಗಿನ ಅಂಗಡಿಯವರಿಗೆಲ್ಲ ನಾನು ‘ಸಾವಯವ ಸರ್’!

ನಮ್ಮ ವಿಶ್ವವಿದ್ಯಾಲಯದ ಸಾವಯವ ತೋಟದ ಬಗ್ಗೆ ಈ ಅಂಕಣದಲ್ಲಿ ಎಷ್ಟು ಸಲ ಕೊಚ್ಚಿಕೊಂಡಿದ್ದೇನೆಂದು ನಿಮಗೆ ಗೊತ್ತು. ಕ್ಯಾಂಪಸ್ಸಿನ ಹಿಂದೆ ಹುಡುಗರು, ಮೇಷ್ಟ್ರು, ಕ್ಲರ್ಕುಗಳೆಲ್ಲ ಸೇರಿ ಬೆಳೆಸುವ ತೋಟ ಅದು. ಹೆಸರಿಗೆ ನಾನು ಸಂಚಾಲಕ. ನಿಜವಾಗಿ ನಡೆಸುವವರು ಹರ್ತಿಯಿಂದ ದಿನಗೂಲಿಗೆ ಬರುವ ಹುಸೇನಬಿ.

ಬುಧವಾರ ನಮ್ಮ ಕುಲಪತಿಗಳು, ಅಂದರೆ ದೊಡ್ಡ ಸಾಹೇಬರು, ತೋಟ ನೋಡಲು ಬರುವವರಿದ್ದರು. ಅಷ್ಟರಲ್ಲಿ ಹಕ್ಕರಕಿ ಸೊಪ್ಪಿಗೆ ಹೇನು ಬಿತ್ತು.

“ಬಳ್ಳೊಳ್ಳಿ, ಹಸಿಮೆಣಸಿನಕಾಯಿ ಅರದು ಹೊಡ್ಯೂಣ್ರಿ ಸರ್. ಎಂಟು ದಿನದಾಗ ಹೋಗ್ತೈತಿ” ಎಂದರು ಹುಸೇನಬಿ.

ಎಂಟು ದಿನ ಎಲ್ಲಿಂದ ತರಲಿ? ಭಾನುವಾರ ಮಧ್ಯಾಹ್ನ, ಯಾರೂ ಇಲ್ಲದಾಗ, ನಾನೇ ಪಂಪು ಬೆನ್ನಿಗೇರಿಸಿ ಔಷಧಿ ಹೊಡೆದೆ. ಸಾಹೇಬರು ನೋಡಲು ತಾನೇ ಬರುವುದು? ತಿನ್ನಲಲ್ಲವಲ್ಲ!

ಎಡವಿದ್ದು ಅಲ್ಲೇ. ತೋಟಕ್ಕೆ ಬಂದವರನ್ನು ನಮ್ಮ ಕಡೆ ಬರಿಹೊಟ್ಟೆಯಲ್ಲಿ ಕಳಿಸುವುದುಂಟೇ? ಸಾಹೇಬರು ಬಂದು ಕುಳಿತದ್ದೇ ತಡ, ಹುಸೇನಬಿ ತಾಟು ಹಿಡಿದು ಬಂದರು. ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಪಕ್ಕದಲ್ಲಿ ಹಸಿ ಹಕ್ಕರಕಿ. ಸಾಹೇಬರು ಸೊಪ್ಪನ್ನು ರೊಟ್ಟಿಯಲ್ಲಿ ಸುತ್ತಿ ಬಾಯಿಗೆ ಒಯ್ದರು. ನಾನು ಚೀರಿಬಿಟ್ಟೆ.

“ತಿನ್ನಬ್ಯಾಡ್ರಿ ಸರ್!”

“ಯಾಕ್ರಿ?”

ನಿಜ ನಾಲಿಗೆಯ ತುದಿಯಲ್ಲೇ ಇತ್ತು. ಹೊರಬಂದದ್ದು ಬೇರೆ. “ಈಕಿ ತೊಳದಿಲ್ರಿ.” (ಅಲ್ಲಿಯತನಕ ‘ಇವರು’ ಆಗಿದ್ದವರು ಆ ಕ್ಷಣಕ್ಕೆ ‘ಈಕಿ’ ಆದರು.)

ಸಾಹೇಬರು ತುತ್ತನ್ನು ತಾಟಿಗೆ ಎಸೆದು ಕರ್ಚೀಫಿನಿಂದ ಕೈ ಒರೆಸಿಕೊಂಡರು. “ಸ್ವಚ್ಛತಾ ಗೊತ್ತಿಲ್ಲದವರನ್ನ ಇಲ್ಲಿ ಯಾಕ ಇಟ್ಕೊಂಡೀರಿ?”

ಹುಸೇನಬಿ ನನ್ನ ಮುಖ ನೋಡಿದರು. ನಾನು ನನ್ನ ಬೂಟು ನೋಡಿಕೊಂಡೆ.

ಎಲ್ಲರೂ ಹೋದ ಮೇಲೆ ಹತ್ತಿರ ಹೋಗಿ, “ಹುಸೇನಬಿ, ಆ ಸೊಪ್ಪಿಗೆ ನಾನು...” ಎಂದು ತೊದಲಿದೆ.

“ಗೊತ್ತೈತ್ರಿ ಸರ್. ಸೋಮವಾರ ಬಂದಕೂಡ್ಲೇ ವಾಸನಿ ಬಡೀತು. ನಿಮ್ಮ ಮಾನ ಹೋಗಬಾರದಂತ, ಇದನ್ನ ನಮ್ಮ ಹಿತ್ತಲದಾಗಿಂದ ಕಿತ್ಕೊಂಡು ಬಂದಿದ್ದೆ.” ತಾಟು ಎತ್ತಿಕೊಳ್ಳುತ್ತ, “ಎರಡು ಸಲ ತೊಳದಿದ್ದೆ” ಎಂದರು.

ಅಷ್ಟು ನಾಚಿಕೆಯಾದದ್ದು ನನ್ನ ಜನ್ಮದಲ್ಲಿ ಇಲ್ಲ. ವಿಷ ಹೊಡೆದವನು ನಾನು. ಅದನ್ನು ಮುಚ್ಚಲು ತನ್ನ ಮನೆಯ ಸೊಪ್ಪು ತಂದವರ ಕೈ ಕೊಳಕು ಎಂದವನೂ ನಾನೇ.

ಮರುದಿನವೇ ಹುಸೇನಬಿಯನ್ನು ತೋಟದಿಂದ ತೆಗೆದು ಕಸಗುಡಿಸಲು ಹಾಕಿದರು. ನಿಜ ಹೇಳಿಬಿಡೋಣವೆಂದು ಸಾಹೇಬರ ಚೇಂಬರಿನ ಬಾಗಿಲಿಗೆ ಎರಡು ಸಲ ಹೋದೆ. ಒಂದು ಸಲ ಒಳಗೂ ಹೋದೆ. ಚಹಾ ಕುಡಿದು ಬಂದೆ.

ಇವತ್ತು ಬೆಳಿಗ್ಗೆ ಲೈಬ್ರರಿಯ ವರಾಂಡದಲ್ಲಿ ಕಸಬರಿಗೆ ಹಿಡಿದ ಹುಸೇನಬಿ ಎದುರಾದರು. ಬೈಯಲಿಲ್ಲ. ಕೇಳಿದ್ದು ಒಂದೇ ಮಾತು: “ಬದನಿಗಿಡಕ್ಕ ನೀರು ಬಿಟ್ಟೀರೇನ್ರಿ ಸರ್?”

ಇಷ್ಟೊಂದು ಓದುಗರ ಮುಂದೆ ಇಷ್ಟು ಸಲೀಸಾಗಿ ತೆರೆದ ಈ ಬಾಯಿಗೆ, ಆ ಒಬ್ಬ ಸಾಹೇಬರ ಮುಂದೆ ಏನು ಬಡಿದಿತ್ತು?