ಉಜ್ಜದ ಹುಣಸೆ ಬೀಜ

ಹೊಸ ಹುಣಸೆಹಣ್ಣಿನ ವಾಸನೆ ಬಂದರೆ ಎಲ್ಲರಿಗೂ ಬಾಯಲ್ಲಿ ನೀರೂರುತ್ತದೆ. ನನಗೆ ಸವಣೂರಿನ ಒಂದು ಪಡಸಾಲೆ, ಗೋಡೆಗೆ ಒರಗಿಸಿಟ್ಟ ಕರಿಹಲಗೆ ನೆನಪಾಗುತ್ತದೆ. ಈ ಸಲ ಹಿರೇಕೆರೂರ ಸಂತೆಯಲ್ಲಿ ಆಸೆಬುರುಕಿಯ ಹಾಗೆ ಎರಡು ಕಿಲೋ ಹಣ್ಣು ತಂದೆ. ಒಬ್ಬಳಿಗೆ ಅಷ್ಟು ಯಾಕೆ ಬೇಕಿತ್ತೋ ದೇವರೇ ಬಲ್ಲ. ಮಧ್ಯಾಹ್ನ ಕೂತು ಬಿಡಿಸುತ್ತಿದ್ದೆ. ಅಂಗೈ ತುಂಬ ಕಂದು ಬೀಜಗಳು ಬಂದವು ನೋಡಿ... ಕೈ ಅಲ್ಲೇ ನಿಂತಿತು.

ಹತ್ತು-ಹನ್ನೆರಡು ವರ್ಷದ ಹಿಂದೆ ನಾನು ಶಿಗ್ಗಾವಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದೆ. ಎಂ.ಎ. ಓದುವಾಗ ಗೇಮ್ ಥಿಯರಿ ಎಂದರೆ ಇಬ್ಬರು ಕಳ್ಳರು, ಎರಡು ಕೋಣೆ, ಒಬ್ಬ ಇನ್ನೊಬ್ಬನನ್ನು ಹಿಡಿದುಕೊಡುತ್ತಾನೋ ಇಲ್ಲವೋ ಎಂಬಲ್ಲಿಗೆ ಮುಗಿದಿತ್ತು. ಮುಂದಿನದನ್ನು ಕಲಿಯಬೇಕೆಂಬ ಹಟ ನನಗೆ. ಸವಣೂರಿನಲ್ಲಿ ನಿವೃತ್ತರಾದ ಗಣಿತದ ಪ್ರಾಧ್ಯಾಪಕರೊಬ್ಬರಿದ್ದಾರೆ, ಕೇಳಿದರೆ ಇಲ್ಲ ಅನ್ನುವವರಲ್ಲ ಎಂದು ಯಾರೋ ಹೇಳಿದರು. ಮದುವೆಯಾಗದ ಮನುಷ್ಯ, ಮನೆಯಲ್ಲಿ ಅವರು, ಅವರ ಅಕ್ಕ, ಇಬ್ಬರೇ. ನಾನು ಹೋಗುವ ಹೊತ್ತಿಗೆ ಆಗಲೇ ಇಬ್ಬರು ಅವರಿಗೆ ಗಂಟುಬಿದ್ದಿದ್ದರು. ಒಬ್ಬರು ಹಾನಗಲ್ಲಿನ ಬ್ಯಾಂಕಿನಲ್ಲಿ ಗುಮಾಸ್ತರು, ಇನ್ನೊಬ್ಬರು ಬಿ.ಎಸ್ಸಿ. ಓದಿ ಹೊಲ ಮಾಡಿಸುತ್ತಿದ್ದ ಹತ್ತಿಮತ್ತೂರಿನವರು. ಪ್ರತಿ ರವಿವಾರ ಸೇರುತ್ತಿದ್ದೆವು. ಉಳಿದ ದಿನವೆಲ್ಲ ಬಾಡಿಗೆ ಕೋಣೆಯ ಗೋಡೆ ನೋಡುತ್ತ ಕೂರುತ್ತಿದ್ದ ನನಗೆ ಆ ರವಿವಾರವೇ ಬಂಧು-ಬಳಗ ಎಲ್ಲ ಆಗಿತ್ತು. ಅದನ್ನು ಯಾರ ಮುಂದೂ ಹೇಳಿರಲಿಲ್ಲ.

ಸರ್ ಸೂತ್ರದಿಂದ ಶುರುಮಾಡುವವರಲ್ಲ. ಒಮ್ಮೆ ಅಕ್ಕ ಒಳಗಿನಿಂದ ತಿನ್ನಲು ಏನು ಮಾಡಲಿ ಎಂದು ಕೇಳಿದರು. ಸರ್ ಅದನ್ನೇ ಹಲಗೆಗೆ ಹಾಕಿದರು. ನನಗೆ ಮೊದಲು ಗಿರಮಿಟ್ಟು, ಆಮೇಲೆ ಮಿರ್ಚಿ, ಕೊನೆಗೆ ಉಪ್ಪಿಟ್ಟು. ಬ್ಯಾಂಕಿನವರಿಗೆ ಮಿರ್ಚಿ, ಉಪ್ಪಿಟ್ಟು, ಗಿರಮಿಟ್ಟು. ಹತ್ತಿಮತ್ತೂರಿನವರಿಗೆ ಉಪ್ಪಿಟ್ಟು, ಗಿರಮಿಟ್ಟು, ಮಿರ್ಚಿ. ಎರಡೆರಡನ್ನೇ ಎದುರುಬದುರು ಇಟ್ಟು ಕೈ ಎತ್ತಿಸಿದರು. ಗಿರಮಿಟ್ಟು ಮಿರ್ಚಿಯನ್ನು ಸೋಲಿಸಿತು, ಮಿರ್ಚಿ ಉಪ್ಪಿಟ್ಟನ್ನು, ಉಪ್ಪಿಟ್ಟು ತಿರುಗಿ ಗಿರಮಿಟ್ಟನ್ನು. ಯಾವ ಜೋಡಿಯನ್ನು ಮೊದಲು ಕೇಳಬೇಕೆಂದು ಗೊತ್ತುಮಾಡುವವನಿಗೆ ಬೇಕಾದದ್ದೇ ಗೆಲ್ಲುತ್ತದೆ, ಬಹುಮತ ಎಂದು ಬೀಗಬೇಡಿ ಎಂದರು. ಅಷ್ಟರಲ್ಲಿ ಅಕ್ಕ ಅವಲಕ್ಕಿ ತಂದಿಟ್ಟರು. ತಿಂದೆವು.

ಹಾಗೇ ಮುಂದೆ ಸಾಗಿತು. ಕೂಟ ಹೇಗೆ ಕಟ್ಟಿಕೊಳ್ಳುತ್ತದೆ, ಗಳಿಸಿದ್ದನ್ನು ಹೇಗೆ ಹಂಚಿಕೊಂಡರೆ ಯಾರೂ ಕೂಟ ಬಿಟ್ಟುಹೋಗುವುದಿಲ್ಲ, ಹೀಗೆ. ಆದರೆ ಸರ್ ಅವರ ಜೀವ ಇದ್ದದ್ದು ಒಂದೇ ಪ್ರಶ್ನೆಯಲ್ಲಿ. ಒಂದು ಗುಂಪನ್ನು ಹೇಗೆ ಕೇಳಿದರೆ ನಿಜ ಹೊರಗೆ ಬರುತ್ತದೆ?

"ಎದುರಿಗೆ ಕೇಳಿದ್ರ ನಮ್ಮ ಮಂದಿ ಮನಸ್ಸು ಹೇಳೂದಿಲ್ರಿ, ಮರ್ಯಾದಿ ಹೇಳ್ತಾರ," ಎನ್ನುತ್ತಿದ್ದರು.

ಅದಕ್ಕೆಂದೇ ಒಂದು ಡಬ್ಬಿ ಇಟ್ಟುಕೊಂಡಿದ್ದರು, ಜೊತೆಗೆ ಹುಣಸೆ ಬೀಜ. ಕೆಲವನ್ನು ಚೌಕಾಬಾರ ಆಡಲು ಮಾಡುವ ಹಾಗೆ ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿದ್ದರು. ಉಜ್ಜದ ಬೀಜ ಎಂದರೆ ಬೇಕು, ಉಜ್ಜಿದ್ದು ಎಂದರೆ ಬೇಡ. ಎರಡೂ ಬಗೆಯದು ಒಂದೊಂದು ಎಲ್ಲರ ಕೈಗೆ. ಮುಷ್ಟಿ ಬಿಗಿದು ಒಂದನ್ನು ಡಬ್ಬಿಗೆ ಹಾಕಬೇಕು. ಪಾಠದ ಹೊತ್ತು ಬದಲಿಸುವುದಿರಲಿ, ಚಹಾಕ್ಕೆ ಸಕ್ಕರೆ ಕಡಿಮೆ ಮಾಡುವುದಿರಲಿ, ಗೋಡೆಯ ಗೂಡಿನಿಂದ ಡಬ್ಬಿ ಕೆಳಗಿಳಿಯುತ್ತಿತ್ತು. ನಮಗೆ ಅದೊಂದು ತಮಾಷೆ.

ಒಂದು ಬೇಸಿಗೆ ಸರ್ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡರು. ಪಾಠ ನಿಂತಿತು. ಕೆಲವು ತಿಂಗಳ ಮೇಲೆ ಮೂವರೂ ನೋಡಲು ಹೋದಾಗ ಗೋಡೆ ಹಿಡಿದು ನಡೆಯುತ್ತಿದ್ದರು, ಬಹಳ ಇಳಿದುಹೋಗಿದ್ದರು. ಆ ಮಾತು ಈ ಮಾತು ಆಡಿ, ಕಿಟಕಿಯ ಕಡೆ ನೋಡುತ್ತ ಕೇಳಿದರು:

"ನಿಮಗೂ ದೂರದ ಹಾದಿ... ಇನ್ನ ಪಾಠ ಸಾಕು ಮಾಡೂಣೇನ್ರಿ?"

ಬೇಡ, ನಿಲ್ಲಿಸಬೇಡಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಇಂಥ ಸ್ಥಿತಿಯಲ್ಲಿ ನಮ್ಮಿಂದ ಅವರಿಗೆ ಯಾಕೆ ತ್ರಾಸು ಎಂದು ನುಂಗಿಕೊಂಡೆ. ಬ್ಯಾಂಕಿನವರ ಮುಖ ನೋಡಿದೆ. ಅವರು ನನ್ನ ಮುಖ ನೋಡುತ್ತಿದ್ದರು.

"ನೀವು ಹೆಂಗಂತೀರಿ ಹಂಗರಿ ಸರ್," ಎಂದರು ಅವರು. ನಾನೂ ಅದನ್ನೇ ಅಂದೆ. ಹತ್ತಿಮತ್ತೂರಿನವರೂ ನೆಲ ನೋಡುತ್ತ ಅದನ್ನೇ ಅಂದರು.

ಸರ್ ಆಯಿತು ಎಂದು ತಲೆಯಾಡಿಸಿದರು. ಡಬ್ಬಿ ಅಲ್ಲೇ ಗೂಡಿನಲ್ಲಿತ್ತು. ಅವರು ಅದನ್ನು ಕೇಳಲಿಲ್ಲ, ನಾವೂ ನೆನಪು ಮಾಡಲಿಲ್ಲ. ಬಂಕಾಪುರದ ತನಕ ನಾನೂ ಬ್ಯಾಂಕಿನವರೂ ಒಂದೇ ಬಸ್ಸಿನಲ್ಲಿ ಬಂದರೂ ಮಾತಾಡಲಿಲ್ಲ. ಮೊದಲು ಬಾಯಿ ಬಿಟ್ಟವರು ಇವರೇ, ಇವರಿಗೇ ಬೇಸರ ಬಂದಿರಬೇಕು ಎಂದು ನನಗೆ ಒಳಗೊಳಗೇ ಸಿಟ್ಟು.

ಆಮೇಲೆ ನಾನು ಹಿರೇಕೆರೂರಿಗೆ ಬಂದೆ. ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಊಟ ಆಯಿತೇ ಎಂದು ಅವರು ಕೇಳುತ್ತಿದ್ದರು, ಸೊಂಟ ಹೇಗಿದೆ ಎಂದು ನಾನು. ಅದಕ್ಕಿಂತ ಹೆಚ್ಚು ಮಾತು ಬೆಳೆಯುತ್ತಿರಲಿಲ್ಲ... ಒಂದು ಮುಂಜಾನೆ ಹತ್ತಿಮತ್ತೂರಿನವರು ಫೋನ್ ಮಾಡಿ, ಸರ್ ಹೋದರು ಎಂದರು.

ಅಕ್ಕನನ್ನು ಮಾತಾಡಿಸಿಕೊಂಡು ಬರಲು ಮೂವರೂ ಕೂಡಿ ಹೋದೆವು. ಅದೇ ಪಡಸಾಲೆಯಲ್ಲಿ ಕೂತಿದ್ದರು. ಅಳಲಿಲ್ಲ. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು.

"ನೀವ್ಯಾಕ ಬರೋದು ಬಿಟ್ರಿ? ಅವಂಗ ನೀವು ಬರೋದು ಭಾಳ ಬೇಕಾಗಿತ್ತು. ಅವರಿಗೆ ಬ್ಯಾಸರಾಗ್ಯದ, ಒತ್ತಾಯ ಮಾಡಬಾರದು ಅಂತಿದ್ದ."

ಬ್ಯಾಂಕಿನವರು ನನ್ನ ಕಡೆ ತಿರುಗಿದರು. "ನಿಮಗ ಸಾಕಾಗೇತಿ ಅಂತ ನಾ ತಿಳ್ಕೊಂಡಿದ್ದೆನ್ರಿ ಮೇಡಂ."

ನಿಮಗೆ ಸಾಕಾಗಿದೆ ಎಂದು ನಾನು ತಿಳಿದಿದ್ದೆ ಎಂದೆ. ಹತ್ತಿಮತ್ತೂರಿನವರು ಎದ್ದು ಹೊರಗೆ ಹೋಗಿ, ಚಪ್ಪಲಿ ಬಿಟ್ಟ ಜಾಗದಲ್ಲಿ ಬೆನ್ನು ಮಾಡಿ ನಿಂತುಬಿಟ್ಟರು.

ನಾಲ್ವರಿಗೂ ಬೇಕಾಗಿದ್ದದ್ದನ್ನು ನಾಲ್ವರೂ ಕೂಡಿ ಬೇಡವೆಂದು ಠರಾವು ಮಾಡಿದ್ದೆವು. ಇಂಥ ಗುಂಪುಗಳ ಬಗ್ಗೆಯೇ ಅದೇ ಹಲಗೆಯ ಮೇಲೆ ಪಾಠ ಆಗಿತ್ತು. ಅಂದು ಸರ್ ಡಬ್ಬಿ ಯಾಕೆ ಇಳಿಸಲಿಲ್ಲವೋ... ಪಾಠ ಬೇಕೋ ಬೇಡವೋ ಎಂದು ಕೇಳಿ ತೆರೆದಾಗ ಮೂರು ಉಜ್ಜಿದ ಬೀಜ ಕಂಡರೆ ಎಂದು ಹೆದರಿದ್ದರೇನೋ. ಅವರಷ್ಟೇ ಒಂಟಿಯಾದ ಮೇಲೆ ನನಗೆ ಹಾಗೆ ಅನ್ನಿಸತೊಡಗಿದೆ.

ಈಗ ಈ ಮನೆಯಲ್ಲಿ ಏನು ಅಡಿಗೆ, ಎಷ್ಟು ಹೊತ್ತಿಗೆ ಬಾಗಿಲು ಹಾಕುವುದು, ಎಲ್ಲವೂ ಸರ್ವಾನುಮತದಿಂದ ಪಾಸಾಗುತ್ತದೆ. ಬಿಡಿಸಿದ ಬೀಜ ತೊಳೆದು ಒಣಗಿಸಿದೆ, ಚೆಲ್ಲಲು ಮನಸ್ಸಾಗಲಿಲ್ಲ. ಚಹಾಪುಡಿಯ ಖಾಲಿ ಡಬ್ಬಿಯೊಂದಿತ್ತು. ಒಂದು ಬೀಜ, ಉಜ್ಜದ್ದು, ಅದರೊಳಗೆ ಹಾಕಿ ಮುಚ್ಚಿದೆ. ಬೇಕಾಗಿತ್ತು ಸರ್, ನನಗೆ ಬಹಳ ಬೇಕಾಗಿತ್ತು. ಡಬ್ಬಿ ತೆರೆದು ನೋಡುವವರು ಇಲ್ಲ.