ಖಾನಾಪುರದಿಂದ ಬಂದ ಮಾತು

ಡಾಕ್ಟರ್ ಜುಬೇದಾ ಅವರು ಖಾನಾಪುರದಿಂದ ಫೋನಿನಲ್ಲಿ ಹೇಳಿ ಕಳಿಸಿದ ಮಾತನ್ನು ನಾನು ಸಭೆಯಲ್ಲಿ ಹೇಳಲಿಲ್ಲ. ಮರೆತದ್ದಲ್ಲ. ಕೇಳಿದಾಗ, ಅವರು ಏನೂ ಹೇಳಿಲ್ಲ ಎಂದೆ.

ಇದನ್ನು ಇಷ್ಟು ನೇರವಾಗಿ ಬರೆಯಲು ನನಗೆ ವರ್ಷಗಳು ಬೇಕಾದವು. ಬರೆದ ಮೇಲೂ ಹಗುರವಾಗಿಲ್ಲ — ಆಗಬಾರದು ಕೂಡ.

ತುರ್ತು ಪರಿಸ್ಥಿತಿಯ ಕಾಲ. ಧಾರವಾಡದಲ್ಲಿ ಎಂ.ಎ. ಮುಗಿಸಿ ಬೆಳಗಾವಿಗೆ ಮರಳಿದ್ದ ನನಗೆ ಒಂದು ಟ್ರಸ್ಟಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಕೊಡಿಸಿದವರು ಟ್ರಸ್ಟಿನ ಅಧ್ಯಕ್ಷರೇ. ಅಪ್ಪನ ಗೆಳೆಯರು, ಖಾಸಬಾಗದ ನಮ್ಮ ಮನೆಗೆ ಬಂದು ಹೋಗುತ್ತಿದ್ದವರು. ಅವರನ್ನು ಕಾಕಾ ಎನ್ನುತ್ತಿದ್ದೆ. ವೈದ್ಯರ ಸಭೆಗಳನ್ನು ಕರೆಯುವುದು, ಅವರ ತೀರ್ಮಾನಗಳನ್ನು ದಾಖಲಿಸುವುದು ನನ್ನ ಕೆಲಸ.

ಆ ಆಸ್ಪತ್ರೆಯ ವೈದ್ಯರಿಗೆ ಅವರದೇ ಆದ ನಿಯಮಾವಳಿ ಇತ್ತು — ಎಲ್ಲರೂ ಅದನ್ನು ಬೈಲಾ ಎನ್ನುತ್ತಿದ್ದರು. ಅದರ ಜೀವ ಒಂದೇ ನಿಯಮದಲ್ಲಿತ್ತು: ರೋಗಿಯನ್ನು ಪರೀಕ್ಷಿಸಿದ ವೈದ್ಯರ ತೀರ್ಮಾನವನ್ನು ಟ್ರಸ್ಟಾಗಲಿ ಆಡಳಿತದವರಾಗಲಿ ಬದಲಿಸುವಂತಿಲ್ಲ. ಈ ನಿಯಮವನ್ನು ಮುಟ್ಟಬೇಕಾದರೆ ಎಲ್ಲ ವೈದ್ಯರ ಒಪ್ಪಿಗೆ ಬೇಕು. ಒಬ್ಬರು ಬೇಡವೆಂದರೂ ವಿಷಯ ಅಲ್ಲಿಗೇ ನಿಲ್ಲುತ್ತದೆ.

ಇದರ ಜೊತೆಗೆ ಒಂದು ರೂಢಿ ಇತ್ತು. ಖಾನಾಪುರದಲ್ಲಿ ನಮ್ಮ ಸಣ್ಣ ದವಾಖಾನೆ ಇದ್ದದ್ದರಿಂದ ವೈದ್ಯರಲ್ಲಿ ಯಾರಾದರೊಬ್ಬರು ಸದಾ ಅಲ್ಲಿ ಇರುತ್ತಿದ್ದರು. ಹಾಗೆ ದೂರ ಇದ್ದವರು ತಮ್ಮ ಅಭಿಪ್ರಾಯವನ್ನು ಸಭೆ ಕರೆದವರಿಗೆ ಫೋನಿನಲ್ಲಿ ಹೇಳಿದರೆ ಸಾಕು, ಎದುರಿಗೆ ಕೂತು ಹೇಳಿದಷ್ಟೇ ತೂಕ. ಏನೂ ಹೇಳದಿದ್ದರೆ ಒಪ್ಪಿದರು ಎಂದರ್ಥ. ಮಾತು ತಂದವರನ್ನು ಯಾರೂ ಮರುಪ್ರಶ್ನೆ ಕೇಳುತ್ತಿರಲಿಲ್ಲ. ಆ ನಂಬಿಕೆಯ ಮೇಲೆಯೇ ಆ ರೂಢಿ ನಿಂತಿತ್ತು.

ಆಗ ಎಲ್ಲೆಲ್ಲೂ ಕುಟುಂಬ ಯೋಜನೆಯ ಆಪರೇಶನ್ ಕ್ಯಾಂಪುಗಳು. ಮೇಲಿನಿಂದ ಒತ್ತಡ, ಟ್ರಸ್ಟಿಗೆ ಮೇಲಿನವರ ಮೆಚ್ಚುಗೆ ಬೇಕಿತ್ತು. ಖಾನಾಪುರದ ಕ್ಯಾಂಪಿನಲ್ಲಿ ಜುಬೇದಾ ಅವರು ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದರು. ಇವಳ ಮೈಯಲ್ಲಿ ರಕ್ತವಿಲ್ಲ, ಇವಳಿಗೆ ಜ್ವರ, ಇವಳು ಮೊನ್ನೆ ಹಡೆದವಳು — ಹೀಗೆ ಅನೇಕರನ್ನು ವಾಪಸು ಕಳಿಸುತ್ತಿದ್ದರು. ಅದಕ್ಕೆ ಅಧ್ಯಕ್ಷರು ವೈದ್ಯರ ಸಭೆಯ ಮುಂದೆ ಒಂದು ತಿದ್ದುಪಡಿ ಇಟ್ಟರು: ಕ್ಯಾಂಪಿನ ಮಟ್ಟಿಗೆ, ಒಬ್ಬ ವೈದ್ಯರು ಬೇಡವೆಂದರೂ ಆಡಳಿತಾಧಿಕಾರಿಯು ಬೇರೆ ವೈದ್ಯರಿಂದ ಆಪರೇಶನ್ ಮಾಡಿಸಬಹುದು.

ಸಭೆಯ ದಿನ ಬೆಳಿಗ್ಗೆ ಫೋನ್ ಬಂತು. ಖಾನಾಪುರದ ಲೈನಿನಲ್ಲಿ ಯಾವಾಗಲೂ ಗರಗರ ಸದ್ದು. ಆ ದಿನ ಮಾತ್ರ ಪ್ರತಿ ಅಕ್ಷರವೂ ಸ್ಪಷ್ಟವಾಗಿತ್ತು.

"ನಾ ಒಪ್ಪೂದಿಲ್ಲ ಅಂತ ಹೇಳ್ರಿ. ಹಿರೇಮಠ ಸರ್‌ಗೆ ಬ್ಯಾರೇನ ಹೇಳ್ರಿ — ಅವರ ಮ್ಯಾಲೆ ಬಿಟ್ಟೀನಿ ಅಂತ. ಮರೀಬ್ಯಾಡ್ರಿ ಮತ್ತ, ನಿಮ್ಮ ಚಾ ನನ್ನ ಲೆಕ್ಕಕ್ಕ!" ನಕ್ಕು ಫೋನ್ ಇಟ್ಟರು.

ಹಿರಿಯ ಸರ್ಜನ್ ಡಾಕ್ಟರ್ ಹಿರೇಮಠರಿಗೆ ಅವರು ಶಿಷ್ಯೆ ಇದ್ದ ಹಾಗೆ. ವಾರ್ಡುಗಳ ನಡುವೆ ಇಬ್ಬರೂ ನಿಂತು ಚಹಾ ಕುಡಿಯುತ್ತ ಜಗಳಾಡುವುದನ್ನು ಆಸ್ಪತ್ರೆಯೆಲ್ಲ ನೋಡಿ ನಗುತ್ತಿತ್ತು.

ಫೋನ್ ಬಂದದ್ದನ್ನು ನಾನೇ ಕಾಕಾ ಅವರಿಗೆ ಹೇಳಿದೆ. ಯಾಕೆ ಮೊದಲು ಅವರಿಗೆ ಹೇಳಿದೆ — ಅಲ್ಲೇ ನನ್ನ ತಪ್ಪು ಶುರುವಾಗಿತ್ತೇನೋ. ಅವರು ಗದರಲಿಲ್ಲ. ಕನ್ನಡಕ ತೆಗೆದು ಒರೆಸುತ್ತ ಅಂದರು: "ಮಗಳ, ಲೈನ್ ಸರಿ ಇರಲಿಲ್ಲ, ಏನೂ ಕೇಳಿಸಲಿಲ್ಲ ಅಂತ ತಿಳಕೊ. ನೀ ನಮ್ಮ ಮನಿ ಹುಡುಗಿ."

ಹೆದರಿಕೆಯಿಂದ ಹಾಗೆ ಮಾಡಿದೆ ಎಂದು ಹೇಳಿದರೆ ನನಗೆ ಅನುಕೂಲ. ಆದರೆ ಅವರು ಹೆದರಿಸಿರಲಿಲ್ಲ. ಕೆಲಸ ಹೋಗುತ್ತದೆ ಎಂದೂ ನನಗೆ ಅನ್ನಿಸಿರಲಿಲ್ಲ. ನಮ್ಮ ಮನೆಯ ಹುಡುಗಿ — ಅಷ್ಟು ದೊಡ್ಡವರು ಅಷ್ಟು ಸಲಿಗೆಯಿಂದ ಅಂದದ್ದು ಹಿತವಾಗಿತ್ತು. ಅಷ್ಟೇ. ಒಬ್ಬರ ಮಾತನ್ನು ನುಂಗಿಹಾಕಲು ನನಗೆ ಅಷ್ಟೇ ಸಾಕಾಯಿತು.

ಸಭೆ ಶುರುವಾಯಿತು. ಕಿರಿಯ ವೈದ್ಯರೊಬ್ಬರು, "ಡಾಕ್ಟರ್ ಬಾಯಾರು ಖಾನಾಪುರದಾಗ ಅದಾರ, ಇವತ್ತ ಲಗೂನ ಮನೀಗೆ ಹೋಗೂಣು ಬಿಡ್ರಿ," ಎಂದರು. ಎಲ್ಲರೂ ನಕ್ಕರು. ಹಿರೇಮಠರು ಮಾತ್ರ, "ಆಕಿ ಇದ್ರ ನಿಮ್ಮ ಸೊಕ್ಕ ಇಳೀತೈತಿ, ಅದಕ್ಕ ಖುಷಿ ನಿಮಗ," ಎಂದು ನನ್ನತ್ತ ತಿರುಗಿದರು.

"ಏನವಾ, ಜುಬೇದಾ ಏನರ ಹೇಳ್ಯಾಳೇನು?"

"ಇಲ್ಲರಿ ಸರ್. ಏನೂ ಹೇಳಿಲ್ಲ."

ಅವರು ಮುಂದಿದ್ದ ಕಾಗದವನ್ನು ಮಡಚಿಟ್ಟರು. ಆಮೇಲೆ ಅಂದರು, "ಖರೇ ಅಂದ್ರ ನಾ ಆಕೀ ಸಲುವಾಗಿ ಬಡದಾಡಾಕ ಬಂದಿದ್ದೆ. ಆಕೀಗೇ ಬಡದಾಟ ಬ್ಯಾಡಾಗಿದ್ರ ನಂದೇನೈತಿ?" ಒಪ್ಪಿಗೆ ಕೊಟ್ಟರು. ಮಿಕ್ಕವರೂ ಕೊಟ್ಟರು.

ಆಗಲೂ ಬಾಯಿ ತೆರೆಯಬಹುದಿತ್ತು. ಕಿಟಕಿಯಾಚೆ ಯಾರೋ ಬಟ್ಟೆ ಒಣಹಾಕುತ್ತಿದ್ದರು. ನಾನು ಅದನ್ನು ನೋಡುತ್ತ ಕೂತಿದ್ದೆ.

ಮುಂದಿನ ಕ್ಯಾಂಪಿನಲ್ಲಿ ಶೆವಂತಾ ಎಂಬ ಹೆಣ್ಣುಮಗಳನ್ನು ಜುಬೇದಾ ಅವರು ಬೇಡವೆಂದರು — ಹಸಿ ಬಾಣಂತಿ, ಮೈಯಲ್ಲಿ ಜ್ವರ. ಆಡಳಿತಾಧಿಕಾರಿ ಹೊಸ ನಿಯಮ ತೋರಿಸಿ ಬೇರೆ ವೈದ್ಯರಿಂದ ಮಾಡಿಸಿದರು. ಗಾಯ ಕೀವಾಯಿತು. ಅವಳನ್ನು ಬೆಳಗಾವಿಗೆ ತಂದು ನಮ್ಮ ವಾರ್ಡಿನಲ್ಲಿ ಮಲಗಿಸಿದರು. ಬಾಗಿಲ ಹತ್ತಿರ ಅವಳ ಅತ್ತೆ ಹಾಲಿಗೆ ಅಳುವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿರುತ್ತಿದ್ದಳು. ಹೋಗಿ ಬರುವವರನ್ನೆಲ್ಲ ಮರಾಠಿಯಲ್ಲಿ ಅದನ್ನೇ ಕೇಳುತ್ತಿದ್ದಳು: ಡಾಕ್ಟರ್ ಬಾಯಿ ಬೇಡ ಅಂದಿದ್ದರಲ್ಲ, ಆಮೇಲೂ ಯಾಕೆ ಕೊಯ್ದರು? ನನ್ನನ್ನೂ ಕೇಳಿದಳು. ನನಗೆ ಮರಾಠಿ ಚೆನ್ನಾಗಿ ಬರುತ್ತದೆ — ಬಾರದವಳ ಹಾಗೆ ದಾಟಿ ಹೋದೆ.

ಶೆವಂತಾ ಬದುಕಿದಳು. ಆದರೆ ಮತ್ತೆ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಲು ಅವಳಿಂದ ಆಗಲಿಲ್ಲ ಎಂದು ಆಮೇಲೆ ಕೇಳಿದೆ.

ಆ ದಿನಗಳಲ್ಲೇ ಜುಬೇದಾ ಅವರು ನನ್ನ ಮೇಜಿನ ಮುಂದೆ ಬಂದು ನಿಂತರು.

"ನಾ ಹೇಳಿದ್ದು ಮೀಟಿಂಗಿನ್ಯಾಗ ಹೇಳಿದ್ರಿ ಹೌದಲ್ಲೋ?"

"ಹೇಳೀನ್ರಿ."

"ಹಿರೇಮಠ ಸರ್ ಕೇಳಿದ್ರು?"

"ಕೇಳಿದ್ರು."

ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ದೊಡ್ಡದು. ಮೊದಲನೆಯದು ಒಂದು ನಿಯಮವನ್ನು ಕೆಡವಿತ್ತು. ಇದು ಇಬ್ಬರ ಸ್ನೇಹವನ್ನು. ಜುಬೇದಾ ಅವರು ನನ್ನನ್ನು ಕಿಂಚಿತ್ತೂ ಅನುಮಾನಿಸಲಿಲ್ಲ. ಹೊರಗೆ ಹಿರೇಮಠರು ಎದುರಾಗಿ ಮಾತಾಡಿಸಿದರೆ ಉತ್ತರ ಕೊಡದೆ ಹೋದರು. "ಫೋನ್ ಮಾಡಾಕ ಪುರಸೊತ್ತಿಲ್ಲ, ಸಿಟ್ಟ ಮಾಡಾಕ ಐತಿ," ಎಂದು ಹಿರೇಮಠರು ಎಲ್ಲರಿಗೂ ಕೇಳುವಂತೆ ಗೊಣಗಿದರು. ಗುರುಗಳ ಮೇಲೆ ಬಿಟ್ಟಿದ್ದ ತನ್ನ ಮಾತನ್ನು ಅವರು ಕೇಳಿಯೂ, ತನ್ನ ಪರವಾಗಿ ತಾವೇ ಒಪ್ಪಿಗೆ ಕೊಟ್ಟು ಕೈಬಿಟ್ಟರು ಎಂದು ಜುಬೇದಾ ತಿಳಿದರು. ಆಗ ಸುಮ್ಮನಿದ್ದು ಈಗ ಹಾರಾಡುತ್ತಾಳೆ ಎಂದು ಹಿರೇಮಠರು ತಿಳಿದರು. ಇಬ್ಬರೂ ಸ್ವಾಭಿಮಾನಿಗಳು, ಒಬ್ಬರನ್ನೊಬ್ಬರು ಕೇಳಲಿಲ್ಲ. ಕೇಳಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ಕೇಳದಿರಲಿ ಎಂದು ನಾನು — ಹೌದು, ಅದನ್ನೂ ಹೇಳಬೇಕು — ಪ್ರಾರ್ಥಿಸುತ್ತಿದ್ದೆ.

ಜುಬೇದಾ ಅವರು ಆಸ್ಪತ್ರೆ ಬಿಟ್ಟು ಖಾನಾಪುರದಲ್ಲೇ ಸ್ವಂತ ದವಾಖಾನೆ ತೆರೆದರು. ಕೆಲ ಕಾಲಕ್ಕೆ ನಾನೂ ಕೆಲಸ ಬಿಟ್ಟು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದೆ.

ಈ ವರ್ಷ ಹಿರೇಮಠರು ತೀರಿಕೊಂಡರು. ಅವರ ಮನೆಯ ಅಂಗಳದಲ್ಲಿ ಜನರ ಹಿಂದೆ ಜುಬೇದಾ ಅವರು ನಿಂತಿದ್ದರು. ಒಳಗೆ ಹೋಗಲಿಲ್ಲ. ಕೂರಿಸಿದ್ದ ದೇಹವನ್ನು ಹೊರಗೆ ತಂದಾಗ ಮುಖ ತಿರುಗಿಸಿಕೊಂಡರು. ಅದನ್ನು ನೋಡಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಎಷ್ಟು ತಡ! ಇಬ್ಬರಿಗೂ ಹೇಳಬಹುದಾಗಿದ್ದಾಗ ಹೇಳದೆ, ಒಬ್ಬರು ಮಣ್ಣಿಗೆ ಹೋದ ಮೇಲೆ...

ಖಾನಾಪುರಕ್ಕೆ ಹೋದೆ. ರೋಗಿಗಳ ನಡುವೆ ಕೂತು, ನನ್ನ ಪಾಳಿ ಬಂದಾಗ ಒಳಗೆ ಹೋದೆ. ಗುರುತು ಹಿಡಿದು, "ಅಯ್ಯ, ನೀವು! ಕುಂದರ್ರಿ. ಏನಾಗೈತಿ?" ಎಂದರು.

ನಿಂತೇ ಹೇಳಿದೆ. ಇಲ್ಲಿ ಎಲ್ಲಕ್ಕಿಂತ ಮೊದಲು ಬರೆದ ಮಾತನ್ನೇ.

ಅವರು ಸ್ಟೆತಸ್ಕೋಪನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ನನಗೆ ಒಳ್ಳೆಯದಿತ್ತು. ಒಂದೇ ಪ್ರಶ್ನೆ ಕೇಳಿದರು.

"ಸರ್‌ಗೆ ಇದು ಗೊತ್ತಾತೇನು? ಅವರು ಹೋಗೂದ್ರೊಳಗ?"

"ಇಲ್ಲರಿ."

"ಹಂ." ಬಾಗಿಲ ಕಡೆ ನೋಡಿದರು. "ಹೊರಗ ಮಂದಿ ಕುಂತಾರ. ನೀವು ಹೋಗ್ರಿ."

ನಾನು ಕ್ಷಮೆ ಕೇಳಲಿಲ್ಲ. ಕೊಡು ಎಂದು ಕೇಳುವುದಕ್ಕೂ ಒಂದು ಹಕ್ಕು ಬೇಕು.

ಆ ತಿದ್ದುಪಡಿ ಈಗಲೂ ಬೈಲಾದಲ್ಲಿದೆ. ಕ್ಯಾಂಪಿನ ಮಟ್ಟಿಗೆ ಎಂದು ಬಂದದ್ದು ಈಗ ವಾರ್ಡಿಗೂ ಬಂದಿದೆಯಂತೆ. ಯಾರನ್ನು ಯಾವಾಗ ಮನೆಗೆ ಕಳಿಸಬೇಕೆಂದು ಆಫೀಸಿನವರು ವೈದ್ಯರಿಗೆ ಹೇಳುತ್ತಾರಂತೆ. ಅದಕ್ಕೆ ಎಲ್ಲರೂ ಒಪ್ಪಿದ್ದರು ಎಂದು ಅಲ್ಲಿಯ ಹೊಸ ವೈದ್ಯರು ನಂಬಿದ್ದಾರೆ. ಒಬ್ಬರು ಒಪ್ಪಿರಲಿಲ್ಲ, ಅವರು ಒಪ್ಪಿದಂತೆ ಮಾಡಿದವಳು ನಾನು. ವೈದ್ಯರ ಮುಂದಿನ ಸಭೆಯಲ್ಲಿ ಇದನ್ನು ಹೇಳಲು ಅವಕಾಶ ಕೇಳಿದ್ದೇನೆ. ಕೊಟ್ಟಿದ್ದಾರೆ. ಹೋಗುತ್ತೇನೆ, ಆ ಕೋಣೆಯಲ್ಲೇ ನಿಂತು ಹೇಳುತ್ತೇನೆ.

ಕೇಳುವವರಲ್ಲಿ ಹಿರೇಮಠರು ಇರುವುದಿಲ್ಲ.