ಸೋದರಮಾವನ ದಂತದ ಗುಂಡಿ

ಗೆಳೆಯರೇ, ಇವತ್ತು ನಮ್ಮ ಗಜೇಂದ್ರಗಡದ ಮನೆಯಲ್ಲಿ ಕೋಟಿನ ಗುಂಡಿಯೊಂದು ಹೊತ್ತಿ ಉರಿಯಿತು.

ಮಗಳ ಮದುವೆ ಮಾತಿಗೆ ನರಗುಂದದಿಂದ ಬಂದ ಬೀಗರ ಮುಂದೆ ಸೋದರಮಾವ ಎದೆಯುಬ್ಬಿಸಿ ತನ್ನ ಕೋಟಿನ ಕೆತ್ತನೆಯ ಬಿಳಿ ಗುಂಡಿ ತೋರಿಸಿದ. "ಆನಿ ದಂತ ಐತ್ರಿ. ಗಡದ ಸರದಾರರು ನಮ್ಮ ಮುತ್ತಜ್ಜಗ ಕೊಟ್ಟಿದ್ದು. ಮುಂಬೈ ರಾಜ್ಯ ಹೋಗಿ ಮೈಸೂರು ರಾಜ್ಯ ಬಂತು, ಗುಂಡಿ ಮಾತ್ರ ಹಂಗ ಐತಿ!"

ಬೀಗರು ಬಗ್ಗಿ ನೋಡಿದರು. "ನಮ್ಮಪ್ಪನ ಕಾಲಕ್ಕ ಪ್ಯಾಟಿಗಿ ಬಂದ, ಕರ್ಪೂರ ಹಾಕಿ ಮಾಡಿದ ನಕಲಿ ದಂತ, ಸೆಲ್ಯುಲಾಯ್ಡ್ ಇದ್ದಂಗ ಐತಲ್ರಿ. ಸೂಜಿ ಕಾಸಿ ಚುಚ್ಚಿದ್ರ ಗೊತ್ತಾಗ್ತೈತಿ. ದಂತ ಆದ್ರ ಸುಟ್ಟ ಎಲುಬಿನ ವಾಸನಿ, ಸೆಲ್ಯುಲಾಯ್ಡ್ ಆದ್ರ ಕರ್ಪೂರದ್ದು."

"ಚುಚ್ಚರಿ!" ಎಂದು ಮಾವ ಒಂದು ಗುಂಡಿ ಕಿತ್ತೇ ಕೊಟ್ಟ.

ಕೆಂಪಗೆ ಕಾಸಿದ ಸೂಜಿ ತಗುಲಿದ್ದೇ ತಡ, ಗುಂಡಿ ಭಗ್ಗೆಂದು ಹೊತ್ತಿಕೊಂಡಿತು. ಮನೆ ತುಂಬ ಕರ್ಪೂರದ ಘಮ. ಒಳಗಿನಿಂದ ಅಜ್ಜಿ ಕೈಮುಗಿದುಕೊಂಡೇ ಬಂದಳು: "ಯಾರಪಾ, ಈಗ ಮಂಗಳಾರತಿ ಮಾಡಾಕತ್ತಾರ?"

ಎಲ್ಲರಿಗಿಂತ ಜೋರಾಗಿ ನಕ್ಕವರು ಬೀಗರು. ಮಾವ ಮಾತ್ರ ಜಗ್ಗಲಿಲ್ಲ. "ನೋಡಿದ್ರಿಲ್ಲೋ? ಸರದಾರರು ದೇವರ ಪ್ರಸಾದ ಅಂತ ಕೊಟ್ಟಿದ್ದು ಖರೇ ಆತು!"

ಮದುವೆ ನಿಶ್ಚಯವಾಯಿತು. ಉಳಿದ ಗುಂಡಿಗಳನ್ನು ಅಜ್ಜಿ ದೇವರ ಜಗಲಿಯ ಮೇಲೆ ಇಟ್ಟಿದ್ದಾಳೆ. ನಾನು ಭಕ್ತಿಯಿಂದಲೇ ಕೈಮುಗಿದು, ಅವನ್ನು ದೀಪದಿಂದ ಒಂದು ಮಾರು ದೂರ ಸರಿಸಿ ಬಂದಿದ್ದೇನೆ.